ತಲೆಯಾಡಿಸಿದ್ದಕ್ಕೆ ಅರ್ಥ

ನಗುವವರು ಈಗಲೇ ಎದ್ದು ಹೋಗಿ. ಇದು ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಅವನು ಡಾಕ್ಟರು... ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರನ್ನು ಕೂಡಿಹಾಕುತ್ತಾರಲ್ಲ, ಅಂಥ ಕೇಂದ್ರದಲ್ಲಿ ಕೆಲಸ.

ಆ ರಾತ್ರಿ ಡ್ಯೂಟಿ ಮುಗಿದಾಗ ಹನ್ನೊಂದು ದಾಟಿತ್ತು. ಮನೆಯ ದಾರಿಯಲ್ಲಿ ಒಂದು ಹಾಳುಬಾವಿ. ಅದರ ಹತ್ತಿರ ಬಂದಾಗ ವಾಚಿನಲ್ಲಿ ಹನ್ನೊಂದೂ ಇಪ್ಪತ್ತು. ಬೆನ್ನ ಹಿಂದೆ ಸದ್ದು. ಸುಯ್... ಗೊರ ಗೊರ... ಸುಯ್. ಬೇರೆಯವರಾಗಿದ್ದರೆ ಯಾವುದೋ ನಾಯಿ ಅಂದುಕೊಳ್ಳುತ್ತಿದ್ದರು. ಡಾಕ್ಟರಿಗೆ ಗೊತ್ತಾಗದೆ ಇರುತ್ತದೆಯೇ? ಶ್ವಾಸಕೋಶದಲ್ಲಿ ನೀರು ತುಂಬಿದವರ ಉಸಿರು ಅದು. ಹದಿನೈದು ದಿನದ ಹಿಂದೆ ಅದೇ ಉಸಿರು ಕೇಳಿದ್ದ.

ಅವತ್ತು ಒಬ್ಬನನ್ನು ಅವನ ದೇಶಕ್ಕೆ ವಾಪಸ್ ಕಳಿಸುವುದಿತ್ತು. ಪ್ರಯಾಣ ಮಾಡುವಷ್ಟು ಆರೋಗ್ಯವಿದೆ ಅಂತ ಡಾಕ್ಟರು ಬರೆದುಕೊಡಬೇಕು. ಆತ ಎದೆ ಹಿಡಿದುಕೊಂಡೇ ಒಳಗೆ ಬಂದ. ದುಭಾಷಿ ಊಟಕ್ಕೆ ಹೋಗಿದ್ದ. ಹೊರಗೆ ವ್ಯಾನು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು. ಇವನು ಕೈಸನ್ನೆಯಲ್ಲೇ ಕೇಳಿದ, ನೋವಾ? ಆತ ತಲೆಯನ್ನು ಅತ್ತಿತ್ತ ಆಡಿಸಿದ. ಇವನು ‘ನೋವಿಲ್ಲ’ ಅಂತ ಬರೆದು, ಸಹಿ ಹಾಕಿ ಕಳಿಸಿಬಿಟ್ಟ.

ಸಂಜೆಯೊಳಗೆ ಆತ ವ್ಯಾನಿನಲ್ಲೇ ಪ್ರಾಣ ಬಿಟ್ಟ. ದುಭಾಷಿ ತಲೆ ಚಚ್ಚಿಕೊಂಡ. “ಸಾರ್, ಅವರ ಕಡೆ ಹಾಗೆ ಆಡಿಸಿದ್ರೆ ಹೌದು ಅಂತ!”

ಈ ಬಾವಿಯ ಹತ್ತಿರ ಬಂದ ರಾತ್ರಿ ಕಳೆದು ಬೆಳಗಾದರೆ ಅದರ ವಿಚಾರಣೆ. ‘ಆತನಿಗೆ ಕಾಯಿಲೆ ಇದ್ದದ್ದು ನನಗೆ ಗೊತ್ತಿರಲಿಲ್ಲ’ ಅಂದರೆ ಕೆಲಸ ಉಳಿಯುತ್ತದೆ. ಆದರೆ ಆ ಉಸಿರು ಕಿವಿಗೆ ಬಿದ್ದಿತ್ತು... ಅರ್ಧ ಗಂಟೆ ಕಾದಿದ್ದರೆ ದುಭಾಷಿ ಬರುತ್ತಿದ್ದ. 

ತಿರುಗಿ ನೋಡಿದ. ಬಾವಿಕಟ್ಟೆಯ ಮೇಲೆ ಆತ ಕೂತಿದ್ದ. ಎದೆಯ ಮೇಲೆ ಕೈ.

ಬದುಕಿದ್ದಾಗ ನಮ್ಮ ಮಾತು ಒಂದಕ್ಷರ ಬಾರದವನು ಪಿಸುಗುಟ್ಟಿದ... “ಡಾಕ್ಟ್ರೇ, ಗೊತ್ತಿತ್ತಾ?”

ಇವನು ಜೋರಾಗಿ ತಲೆಯಾಡಿಸಿದ. ಇಲ್ಲ, ಇಲ್ಲ ಅಂತ. ಅತ್ತ... ಇತ್ತ...

“ಸರಿ” ಅಂದ ಆತ. ಅಷ್ಟೇ. ಎದ್ದು ಹೊರಟ.

ಆಗ ಹೊಳೆಯಿತು ಇವನಿಗೆ, ಆತನ ಪಾಲಿಗೆ ತಾನು ಹೌದು ಅಂದುಬಿಟ್ಟೆ ಅಂತ. “ನಿಲ್ಲಪ್ಪಾ, ಹಾಗಲ್ಲ...” ಅಂತ ಕೂಗಿದ. ಅಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ವಿಚಾರಣೆಯ ಕೋಣೆಯಲ್ಲಿ ಬಾಯಿ ತೆರೆದ. ಏನು ಹೇಳುವವನಿದ್ದನೋ, ಇವತ್ತಿಗೂ ಅವನಿಗೇ ಗೊತ್ತಿಲ್ಲವಂತೆ. ಅಧಿಕಾರಿ ಕೈ ಎತ್ತಿ ತಡೆದರು.

“ಮತ್ತೆ ಯಾಕೆ ಡಾಕ್ಟ್ರೇ? ನಿನ್ನೆ ರಾತ್ರಿನೇ ಬರೆದುಕೊಟ್ಟಿದ್ದೀರಲ್ಲ.”

ಫೈಲಿನಲ್ಲಿ ಒಂದು ಹಾಳೆ. ಅದರಲ್ಲಿ ಒಂದೇ ಪದ, ‘ಗೊತ್ತಿತ್ತು’.

ಕೆಳಗಿನ ಸಹಿ ಅವನದೇ. ಕೆಲಸ ಹೋದಮೇಲೆ ಅದರ ನಕಲನ್ನು ನನ್ನ ಕೈಗೇ ಕೊಟ್ಟ, ಕಣ್ಣಾರೆ ಓದಿದ್ದೇನೆ. ಸುಳ್ಳು ಹೇಳಿ ನನಗೇನಾಗಬೇಕು? ಸಹಿಯ ಪಕ್ಕ ಸಮಯವನ್ನೂ ಬರೆದಿತ್ತು... ಹನ್ನೊಂದೂ ಇಪ್ಪತ್ತು.