ಬಲಗಡೆಯ ಹೂವು

ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬಿತ್ತು.

"ನಿಮ್ಮ ಮಗಳು ಪಂಚಮಿಗೆ ಆ ದಿಲ್ಲಿ ಕಾಲೇಜಲ್ಲಿ ಸೀಟು ಸಿಗ್ತದಾ ಸುಭದ್ರಕ್ಕ? ಸಾವಿರಕ್ಕೆ ಒಬ್ರನ್ನ ತಗೊಳ್ಳೋದಂತೆ."

"ಸಿಕ್ಕೇ ಸಿಗ್ತದೆ. ದೇವ್ರ ಹತ್ರ ಪ್ರಸಾದ ಕೇಳಿದ್ವಿ, ಬಲಗಡೆ ಹೂ ಬಿತ್ತು."

"ಕೇಳಿದ ಕೂಡ್ಲೇನಾ?"

"ಎಲ್ಲಿ! ಎರಡು ಸೋಮವಾರ ಎಡಗಡೇದೇ ಬಿತ್ತು. ಮೂರನೇ ಸಲ ಭಟ್ರಿಗೆ ನಾನೇ ಹೇಳ್ದೆ, ಎಡಗಡೆ ಹೂ ಇಡ್ಲೇಬೇಡಿ ಅಂತ."

"ಅಪ್ಲಿಕೇಶನ್ ಹಾಕಿದ್ಳಾ?"

"ಪ್ರಸಾದ ಆಗ್ದೆ ಹಾಕೋದು ಹೆಂಗೆ ಮಾರಾಯ್ತಿ? ಆದ್ಮೇಲೆ ಹಾಕೋಕೆ ಕೂತ್ರೆ, ಹಿಂದಿನ ವಾರವೇ ಕೊನೇ ತಾರೀಕು ಮುಗ್ದಿತ್ತು."

"ಅಯ್ಯೋ! ಹಂಗಾದ್ರೆ ಸೀಟು?"

ಬಸ್ಸು ಬಂತು. ಸುಭದ್ರಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಮಾತು ಕೊಟ್ಟಿದ್ದು ದೇವ್ರು. ಅಪ್ಲಿಕೇಶನ್ ಚಿಂತೆ ಅವನಿಗೇ ಇರ್ಲಿ."