ಭಕ್ತಪುರದಲ್ಲಿ ಸಿಕ್ಕ ರತ್ನ

ಗಲ್ಫಿನ ಈ ಊರಿನ ಎಲೆಕ್ಟ್ರಾ ಸ್ಟ್ರೀಟಿನ ಬಸ್‌ಸ್ಟಾಪಿನಲ್ಲಿ ನನ್ನ ಹಿಂದೆ ಮಂಗಳೂರು ಕಡೆಯ ಇಬ್ಬರು ನಿಂತಿದ್ದರು. ಕಿವಿ ಮುಚ್ಚಿಕೊಳ್ಳುವ ವಿದ್ಯೆ ನನಗೆ ಬಾರದು.

“ಸುಶಾಂತ್, ನೇಪಾಳದ ದೇವಸ್ಥಾನ ಎಲ್ಲ ನೋಡಿ ಆಯ್ತಾ?”

“ಆಯ್ತು ಅರ್ಶದ್. ಭಕ್ತಪುರದಲ್ಲಿ ನಮ್ಮ ವಾಚ್‌ಮನ್ ರತ್ನನೂ ಸಿಕ್ಕಿದ.”

“ರಜೆಗೆ ಊರಿಗೆ ಹೋದವ ಫೋನೇ ತೆಗೀತಾ ಇಲ್ಲ ಮಾರಾಯ! ಹೇಗಿದ್ದಾನೆ?”

“ಅಲ್ಲಿ ಒಂದು ಮೆರವಣಿಗೆ ಉಂಟು. ಆ ವರ್ಷ ಸತ್ತವರ ಫೋಟೋ ಬಿದಿರಿಗೆ ಕಟ್ಟಿ, ದೇವಸ್ಥಾನಗಳ ಎದುರು ಹೊತ್ತುಕೊಂಡು ಹೋಗ್ತಾರೆ.”

“ಯಾ ಅಲ್ಲಾಹ್!”

“ನಾನೂ ರತ್ನನೂ ಬಿಲ್ಡಿಂಗಿನ ಟೆರೇಸಿನಲ್ಲಿ ತೆಗೆಸಿದ ಫೋಟೋ ಅದು. ನನ್ನನ್ನು ಕತ್ತರಿಸಿ ತೆಗೆದಿದ್ದಾರೆ.”

“ಮತ್ತೆ?”

“ಅವನ ಹೆಗಲ ಮೇಲಿದ್ದ ನನ್ನ ಬಲಗೈ ಮಾತ್ರ ಹಾಗೇ ಉಂಟು.”

ಬಸ್ ಬಂತು. ಸುಶಾಂತ್ ಬಲಗೈಯನ್ನು ಜೇಬಿನಿಂದ ಹೊರತೆಗೆಯದೆ, ಎಡಗೈಯಲ್ಲೇ ಬಸ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ ಒಳಗೆ ಹೋದ.