ಯಾರ ಪಾಲಿಗೂ ಸೇರದ ಸಂದು

ವೇದಿಕೆಯಲ್ಲಿ ಕುಳಿತಿರುವ ಕ್ರೀಡಾಂಗಣ ಸಮಿತಿಯ ಅಧ್ಯಕ್ಷರಾದ ಮಾನ್ಯ ಮೊಣ್ಣಪ್ಪನವರೇ, ಸೋಮವಾರಪೇಟೆಯಿಂದ ಬಸ್ಸಿನ ಧೂಳು ಕುಡಿದುಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಈ ಶಾಲೆಯ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟಿರುವ ಹೆಡ್‌ಮಾಸ್ಟರೇ, ತಾಯಂದಿರೇ, ನನ್ನ ಜೊತೆ ಕಲ್ಲು ಹೊತ್ತ ಒಡೆಯರೇ, ಸಭಿಕರೇ,

ಈ ಊರಿನಲ್ಲಿ ಕೆಂಪಣ್ಣ ಮೈಕಿನ ಮುಂದೆ ಬಂದ ಅಂದರೆ ಸಭೆ ಮುಗಿಯಿತು ಎಂದರ್ಥ. ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದಷ್ಟು ಕಾಲವೂ ವಂದನಾರ್ಪಣೆ ನನ್ನದೇ ಆಗಿತ್ತು. ನಾನು ಎದ್ದು ನಿಂತರೆ ಹಿಂದಿನ ಸಾಲಿನವರು ಚಪ್ಪಲಿ ಹುಡುಕುತ್ತಿದ್ದರು. ಇವತ್ತು ಮಾತ್ರ ನನ್ನನ್ನು ಮೊದಲೇ ಕರೆದಿದ್ದೀರಿ, ಕುರ್ಚಿ ಕೊಟ್ಟಿದ್ದೀರಿ, ಮೇಜಿನ ಮೇಲೆ ಶಾಲು ಮಡಿಸಿ ಇಟ್ಟಿದ್ದೀರಿ. ಯಾಕೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಹೋದ ಮಳೆಗಾಲದಲ್ಲಿ ನಮ್ಮ ಸ್ಟೇಡಿಯಂನ ಗೋಡೆ ಕುಸಿದು ನನ್ನ ಮಗ ಸಣ್ಣಸ್ವಾಮಿ ಸತ್ತ. ಆ ಗೋಡೆಯನ್ನು ನಾಳೆಯಿಂದ ಮತ್ತೆ ಕಟ್ಟುತ್ತೀರಿ. ಅವನ ಹೆಸರು ಕೊರೆದ ಕಲ್ಲನ್ನು ನಮ್ಮ ಮನೆಯ ಪಾಲಿನ ಗೋಡೆಗೆ, ಎಲ್ಲರಿಗೂ ಕಾಣುವ ಹಾಗೆ ಕೂರಿಸಬೇಕೆಂದಿದ್ದೀರಿ. ಅದಕ್ಕೆ ತಂದೆಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಮೊದಲು ನಾಲ್ಕು ಮಾತು ಆಡುತ್ತೇನೆ, ಕೇಳಿಸಿಕೊಳ್ಳಿ.

ನಮಗೆ ಸ್ಟೇಡಿಯಂ ಯಾಕೆ ಬೇಕಾಗಿತ್ತು? ನಮ್ಮ ಹುಡುಗರು ಕೊಯ್ಲಾದ ಗದ್ದೆಯಲ್ಲಿ ಹಾಕಿ ಆಡುತ್ತಿದ್ದರು. ಕೂಳೆಗೆ ತಾಗಿ ಚೆಂಡು ಎತ್ತಲೋ ಹಾರುತ್ತಿತ್ತು. ಮೊದಲ ಮಳೆ ಬಿದ್ದ ಕೂಡಲೇ ಗದ್ದೆಯವರು ನೇಗಿಲು ಹೊತ್ತು ಬರುತ್ತಿದ್ದರು, ಆಟ ಅಲ್ಲಿಗೆ ನಿಲ್ಲುತ್ತಿತ್ತು. ಅರ್ಜಿ ಹಿಡಿದು ಮಡಿಕೇರಿಗೆ ಹೋದೆವು. ಕೊಡಗು ಆಗತಾನೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಇನ್ನು ಮೇಲೆ ಇಂಥದ್ದೆಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗಬೇಕು ಅಂದರು. ಬೆಂಗಳೂರಿನವರು ನಮ್ಮ ಊರನ್ನು ನಕ್ಷೆಯಲ್ಲಿ ಹುಡುಕುವ ಹೊತ್ತಿಗೆ ಈ ಹುಡುಗರಿಗೆ ಮೊಮ್ಮಕ್ಕಳಾಗಿರುತ್ತವೆ ಎಂದು ಮೊಣ್ಣಪ್ಪನವರು ಇದೇ ಜಾಗದಲ್ಲಿ ನಿಂತು ನಮ್ಮನ್ನೆಲ್ಲ ನಗಿಸಿದರು. ನಾವೇ ಕಟ್ಟೋಣ, ನಾವೇ ಒಡೆಯರಾಗೋಣ ಅಂದವರೂ ಅವರೇ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು.

ಒಳ್ಳೆಯ ಮಾತೇ ಅದು, ಈಗಲೂ ಹೇಳುತ್ತೇನೆ. ತೋಟ ಇದ್ದವರು ಕಾಫಿ ಕೊಟ್ಟರು, ಏಲಕ್ಕಿ ಇದ್ದವರು ಏಲಕ್ಕಿ ಕೊಟ್ಟರು, ಏನೂ ಇಲ್ಲದವರು ಮೈ ಬಗ್ಗಿಸಿದರು. ಒಡೆತನ ಮಾತ್ರ ಎಲ್ಲರಿಗೂ ಒಂದೇ ಸಮ. ನಮ್ಮ ರಂಗಮ್ಮ ಬುಟ್ಟಿಯಲ್ಲಿ ಮಣ್ಣು ಹೊರುತ್ತಾ, "ನಾನೂ ಸ್ಟೇಡಿಯಂ ಒಡತಿ ಕಣ್ರೋ, ನನ್ ಮುಂದೆ ಬೀಡಿ ಸೇದ್ಬ್ಯಾಡಿ" ಎಂದು ಹುಡುಗರನ್ನು ಗದರಿಸುತ್ತಿದ್ದಳು. ಅಷ್ಟು ಸಂಭ್ರಮ ಈ ಊರಿನಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಸಿಕ್ಕಿದ ಜಾಗ ಇಳಿಜಾರು. ಮೇಲಿನ ಮಣ್ಣು ಕಡಿದು ಕೆಳಗೆ ತುಂಬಿದೆವು. ತುಂಬಿದ ಮಣ್ಣು ಜಾರದ ಹಾಗೆ ಕೆಳಗಡೆ ಎತ್ತರದ ಕಲ್ಲಿನ ಗೋಡೆ ಬೇಕು. ಆ ಗೋಡೆಯನ್ನೇ ಮನೆಗೊಂದು ಪಾಲು ಮಾಡಿ ಚೀಟಿ ಎತ್ತಿ ಹಂಚಿಕೊಂಡೆವು. ಅವರವರ ಪಾಲು ಅವರವರು ಕಟ್ಟುವುದು, ಅವರವರ ಮನೆಯ ಹೆಸರು ಮೇಲುಗಲ್ಲಿನಲ್ಲಿ ಕೊರೆಸುವುದು. ನಮ್ಮದು ಮೂಲೆಯ ಪಾಲು, ಅದರ ಪಕ್ಕದ್ದು ಮೊಣ್ಣಪ್ಪನವರದು.

ಸಭಿಕರೇ, ನಾವು ಗದ್ದೆ ಮಾಡುವ ಜನ. ಬದುವಿನ ವಿಷಯದಲ್ಲಿ ನಮ್ಮಷ್ಟು ಹುಷಾರಾದವರು ಯಾರಿದ್ದಾರೆ? ಪಕ್ಕದವನ ಸನಿಕೆ ನಮ್ಮ ಬದುವನ್ನು ಒಂದು ಹಿಡಿ ಕೆತ್ತಿದರೆ ಪಂಚಾಯಿತಿ ಸೇರಿಸುತ್ತೇವೆ. ಅದೇ ಬುದ್ಧಿಯನ್ನು ಗೋಡೆಗೂ ತಂದೆವು. ಒಬ್ಬರ ಕಲ್ಲು ಇನ್ನೊಬ್ಬರ ಪಾಲಿನೊಳಗೆ ನುಗ್ಗಕೂಡದು ಎಂದು ಕಟ್ಟುಪಾಡು ಮಾಡಿದೆವು. ಪ್ರತಿ ಪಾಲಿನ ಅಂಚನ್ನೂ ನೆಟ್ಟಗೆ ಎಬ್ಬಿಸಿ, ಎರಡು ಪಾಲಿನ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು, ಆ ಸಂದಿಗೆ ಮಣ್ಣು ಮೆತ್ತಿದೆವು. ದೂರದಿಂದ ನೋಡಿದರೆ ಒಂದೇ ಗೋಡೆ. ಹತ್ತಿರ ಹೋದರೆ ಒಂದಕ್ಕೊಂದು ತಾಗದೆ ನಿಂತ ಬೇರೆ ಬೇರೆ ಗೋಡೆಗಳು. ಪಾಲು ಎಷ್ಟು ಅಚ್ಚುಕಟ್ಟಾಗಿದೆ ನೋಡಿ ಎಂದು ನಾನು ಶಿರಂಗಾಲದ ನೆಂಟರನ್ನು ಕರೆದು ತೋರಿಸಿದ್ದೆ.

ನನ್ನ ಮಗನಿಗೆ ಆಟ ಬಿಟ್ಟರೆ ಲೋಕವಿರಲಿಲ್ಲ. ಊಟಕ್ಕೆ ಕೂತಾಗಲೂ ಹಾಕಿ ಕೋಲು ತೊಡೆಯ ಮೇಲೆ ಇರಬೇಕು. "ಅದುಕ್ಕೂ ಒಂದ್ ತುತ್ತು ತಿನ್ಸಪ್ಪ" ಎಂದು ನನ್ನ ಹೆಂಡತಿ ರಾಮಮ್ಮ ರೇಗಿಸುತ್ತಿದ್ದಳು. ಆಷಾಢದ ಮಳೆ ಹಿಡಿದ ಮೇಲೆ ಅವನು ದಿನವೂ ಗೋಡೆಯ ಕಡೆ ಹೋಗಿ ಬರುತ್ತಿದ್ದ. ಒಂದು ದಿನ ಬಂದು, "ಅಪ್ಪಾ, ನಮ್ಮ ಪಾಲಿಗೂ ಮೊಣ್ಣಪ್ಪನೋರ ಪಾಲಿಗೂ ನಡುವೆ ಕೆಂಪು ನೀರು ಬತ್ತಾ ಐತೆ. ಒಳಗಿನ ಮಣ್ಣೇ ಕೊಚ್ಕೊಂಡು ಬತ್ತಾ ಐತೆ. ಎಲ್ಲಾರೂ ಬಂದ್ರೆ ದಿಮ್ಮಿ ಒತ್ತು ಕೊಟ್ಟು ನಿಲ್ಲುಸ್‌ಬೋದು" ಅಂದ.

ಸಮಿತಿ ಸೇರಿತು. "ನಮ್ಮ ಪಾಲು ಗಟ್ಟಿ ಉಂಟು ಮಾರಾಯರೆ, ಬೇಕಾದರೆ ತಟ್ಟಿ ನೋಡಿ" ಎಂದರು ಮೊಣ್ಣಪ್ಪನವರು. ನಮ್ಮದೂ ಗಟ್ಟಿಯಾಗಿದೆ ಎಂದೆ ನಾನು. ಇಬ್ಬರೂ ಸುಳ್ಳು ಹೇಳಲಿಲ್ಲ, ಇಬ್ಬರ ಪಾಲೂ ಗಟ್ಟಿಯಾಗಿಯೇ ಇತ್ತು. "ಹಂಗಾರೆ ಆ ಸಂದು ಯಾರ್ದು?" ಎಂದು ನನ್ನ ಮಗ ಬಾಗಿಲಲ್ಲಿ ನಿಂತು ಕೇಳಿದ. ನಾವು ಟೀ ಕುಡಿದು ಎದ್ದೆವು. ಮನೆಗೆ ಬಂದ ಮೇಲೂ ಅವನು ಬಿಡಲಿಲ್ಲ. ನಾನು ಏನೋ ಒಂದು ಮಾತು ಅಂದೆ. ಅದು ಈ ಸಭೆಗೆ ಬೇಡ. ಒಲೆಯ ಮುಂದೆ ಕೂತಿದ್ದ ರಾಮಮ್ಮನಿಗೆ ಅದು ಕೇಳಿಸಿತ್ತು. ಅವನು ಹೋದ ದಿನದಿಂದ ಅವಳು ನನಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಇದನ್ನೂ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು, ಕ್ಷಮಿಸಿ.

ಮಾರನೆಯ ಬೆಳಿಗ್ಗೆ ಅವನೊಬ್ಬನೇ ದಿಮ್ಮಿ ಹೊತ್ತುಕೊಂಡು ಹೋದ. ಸದ್ದು ಕೇಳಿ ನಾವೆಲ್ಲ ಓಡಿದೆವು. ಕಲ್ಲು ತೆಗೆಯುವಾಗ ಯಾರ ಪಾಲಿನದು ಎಂದು ಯಾರೂ ಕೇಳಲಿಲ್ಲ. ಮೊಣ್ಣಪ್ಪನವರ ಬೆರಳಿನಿಂದ ರಕ್ತ ಸುರಿಯುತ್ತಿತ್ತು. ಅವರು ನನ್ನ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಹೀಗಿರುವಾಗ ಸಮಿತಿ ಮೊನ್ನೆ ಏನು ತೀರ್ಮಾನ ಮಾಡಿತು? ಮತ್ತೆ ಮನೆಗೊಂದು ಪಾಲು. ಮತ್ತೆ ಅದೇ ಕಟ್ಟುಪಾಡು. ಸಂದಿಗೆ ಮಾತ್ರ ಈ ಸಲ ಮಣ್ಣಿನ ಬದಲು ಸಿಮೆಂಟು. ಸಿಮೆಂಟಂತೆ. ನನಗೆ ಸಿಟ್ಟು ಬರುತ್ತದೆ ಸ್ವಾಮಿ, ಅತಿಥಿಗಳ ಎದುರಿಗಾದರೂ ಹೇಳಿಬಿಡುತ್ತೇನೆ. ಮುಂದಿನ ಮಳೆಗೆ ಆ ಗೋಡೆಯ ಕೆಳಗೆ ಯಾರ ಮನೆಯ ಹುಡುಗ ಹೋಗಬೇಕು? ಅದಕ್ಕೂ ಚೀಟಿ ಎತ್ತುತ್ತೀರಾ?

ನಿನ್ನೆ ಸಂಜೆ ಹೆಸರಿನ ಕಲ್ಲನ್ನು ನಮ್ಮ ಅಂಗಳದಲ್ಲಿ ಇಳಿಸಿದರು. ಆಳುದ್ದದ ಕಲ್ಲು. ರಾಮಮ್ಮ ಹೊರಗೆ ಬಂದು ಅಕ್ಷರದ ಮೇಲೆ ಕೈಯಾಡಿಸಿದಳು. ಅವಳಿಗೆ ಓದು ಬರುವುದಿಲ್ಲ. ಉತ್ತರ ಬರಲಾರದು ಎಂದು ಗೊತ್ತಿದ್ದೂ ನಾನು ಹೇಳಿದೆ: ಇದನ್ನು ಮುಂದೆ ಕೂರಿಸದೆ ಗೋಡೆಯೊಳಗೆ ಮಲಗಿಸೋಣ, ಅರ್ಧ ನಮ್ಮ ಪಾಲಿನಲ್ಲಿ, ಅರ್ಧ ಪಕ್ಕದ ಪಾಲಿನಲ್ಲಿ. ಇದೇ ರೀತಿ ಪ್ರತಿ ಸಂದಿಗೂ ಒಂದೊಂದು ಉದ್ದ ಕಲ್ಲು ಅಡ್ಡ ಬಿದ್ದರೆ ಗೋಡೆ ಒಂದಾಗುತ್ತದೆ. ಆದರೆ ಹೆಸರು ಒಳಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ ಅಂದೆ.

ಅವಳು ಕಲ್ಲಿನ ಪಕ್ಕದಲ್ಲಿ ಕೂತಳು. ಆಮೇಲೆ ಅಂದಳು: "ಕಾಣ್ದಿದ್ರೆ ಕಾಣ್ದೆ ಇರ್ಲಿ. ಅವತ್ತು ಆ ಸಂದ್ನ ಅವ್ನೊಬ್ನೇ ಹಿಡ್ಕಂಡಿದ್ದ. ಈ ಸಲನಾದ್ರೂ ಎರಡು ಕಡೆಯೋರೂ ಹಿಡ್ಕಳ್ಳಿ."

ಮೊಣ್ಣಪ್ಪನವರೇ, ಕಲ್ಲಿನ ಆ ತುದಿ ನಿಮ್ಮ ಪಾಲಿನೊಳಗೆ ಬರುತ್ತದೆ. ನಮ್ಮ ಕಟ್ಟುಪಾಡಿನ ಪ್ರಕಾರ ಅದು ತಪ್ಪು. ಒಪ್ಪಿಗೆ ಕೇಳಿದ್ದು ನೀವು, ಈಗ ಕೇಳುತ್ತಿರುವವನು ನಾನು. ಉತ್ತರವನ್ನು ಇಲ್ಲಿ ಹೇಳಬೇಡಿ. ಇಲ್ಲಿ ಏನು ಹೇಳಿದರೂ ಚಪ್ಪಾಳೆ ಬೀಳುತ್ತದೆ.

ನನ್ನ ಮಗನ ಮೇಲಿನ ಕಲ್ಲು ಸರಿಸಿದ ಪ್ರತಿಯೊಂದು ಕೈಗೂ ನನ್ನ ವಂದನೆ. ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಆ ಕಲ್ಲಿನ ಒಂದು ತುದಿ ಹಿಡಿದು ನಿಂತಿರುತ್ತೇವೆ. ನಮಗೆ ವಯಸ್ಸಾಗಿದೆ, ಹೆಚ್ಚು ಹೊತ್ತು ಎತ್ತಿ ಹಿಡಿಯಲಾರೆವು. ನಮಸ್ಕಾರ.